ವಾಸುದೇವ ಮಾಸ್ತರರ ಯಾದಿಗಳು

ಚಿತ್ತಾಪುರದ ವಾಸುದೇವ ಮಾಸ್ತರರ ಹೆಂಡತಿ ಸುಮಿತ್ರಾಬಾಯಿಗೆ ಚೀಟಿ ಕಂಡರೆ ಹೇಸಿಕೆ. ಕಸ ಗುಡಿಸಿದರೆ ಚೀಟಿ, ಹಾಸಿಗೆ ಝಾಡಿಸಿದರೆ ಚೀಟಿ. ಒಮ್ಮೆ ಕುದಿಯುವ ಹುಳಿಯಲ್ಲೇ ಒಂದು ತೇಲಿತ್ತು, ‘ತೊಗರಿಬೇಳೆ ತರುವುದು’ ಅಂತ. ಬೇಳೆ ಬಂದಿರಲಿಲ್ಲ, ಆ ಹುಳಿ ಪಕ್ಕದ ಮನೆಯಿಂದ ಕಡ ತಂದ ಬೇಳೆಯದು.

ಮಾಸ್ತರರ ಹತ್ತಿರ ಮಾಡಬೇಕಾದ ಕೆಲಸಗಳ ಯಾದಿ ಒಂದಲ್ಲ, ಮೂರಿದ್ದವು. ಶೇರ್ವಾನಿಯ ಕಿಸೆಯಲ್ಲಿದ್ದದ್ದು ಉರ್ದುವಿನಲ್ಲಿ, ಸಾಲೆಯ ಕೆಲಸದ್ದು. ಟೋಪಿಯೊಳಗೆ ಸಿಕ್ಕಿಸಿದ್ದು ಊರವರದು: ಅಮೀನರ ಮಗನಿಗೆ ಪಾಠ, ಗುರುಲಿಂಗಪ್ಪನ ಕಾಗದ ಓದಿ ಹೇಳುವುದು, ವಾಡಿ ಸ್ಟೇಷನ್ನಿನಿಂದ ಯಾರದೋ ಪಾರ್ಸಲು ಬಿಡಿಸಿ ತರುವುದು. ಮನೆಯ ಯಾದಿ ಪಂಚಾಂಗದ ನಡುವೆ ಬಿದ್ದಿರುತ್ತಿತ್ತು, ಕನ್ನಡದಲ್ಲಿ. ಇಲ್ಲ ಅನ್ನುವ ನಾಲಗೆಯೇ ಆ ಮನುಷ್ಯನಿಗಿರಲಿಲ್ಲ. ಹೆಡ್‌ಮಾಸ್ತರರಾದ ಮೆಹತಾಬ್ ಸಾಹೇಬರು ಬಾಯಿ ತೆರೆಯುವಷ್ಟರಲ್ಲಿ ಇವರ ಕೈಗೆ ಪೆನ್ಸಿಲು ಬಂದಿರುತ್ತಿತ್ತು. ಬರೆದುಕೊಂಡರೆ ಅರ್ಧ ಸಮಾಧಾನ, ಗೆರೆ ಹೊಡೆದರೆ ಪೂರ್ತಿ ಸಮಾಧಾನ. ನಡುವೆ ಕೆಲಸ ಮಾಡುವುದು ಅಂತ ಒಂದಿರುತ್ತದೆ ಎನ್ನುವುದು ಎಷ್ಟೋ ಸಲ ಮರೆತೇ ಹೋಗುತ್ತಿತ್ತು.

ಪಾಠದಲ್ಲಿ ಮಾತ್ರ ಅವರಿಗೆ ಹೆಸರಿಡುವಂತಿರಲಿಲ್ಲ. ಮಗಳು ಭಾಮಾಗೆ ಮನೆಯಲ್ಲೇ ಉರ್ದು, ಲೆಕ್ಕ, ಭೂಗೋಳ ಎಲ್ಲ ಕಲಿಸಿ ಮಿಡಲ್ ಪರೀಕ್ಷೆಗೆ ತಯಾರು ಮಾಡಿದ್ದರು. ಆದರೆ ಮಾಸ್ತರರ ಅಕ್ಕ ಲಕ್ಷ್ಮೀಬಾಯಿ ಸೇಡಂನಿಂದ ಒಂದು ಸಂಬಂಧ ಹಿಡಿದುಕೊಂಡು ಬಂದಿದ್ದಳು. ವರ ಕಚೇರಿಯ ಗುಮಾಸ್ತ, ಹೆಂಡತಿ ಸತ್ತವ, ಹುಡುಗಿಗಿಂತ ಇಮ್ಮಡಿ ವಯಸ್ಸು. ಲಕ್ಷ್ಮೀಬಾಯಿಯೊಡನೆ ಜಗಳವಾಡಿ ಸುಮಿತ್ರಾಬಾಯಿ ಒಂದು ಮಾತು ಗಿಟ್ಟಿಸಿಕೊಂಡಿದ್ದಳು.

“ಈ ವರ್ಷ ಪರೀಕ್ಷಾಕ್ಕ ಕೂತರ ನಾ ಬಾಯಿ ಮುಚ್ಕೊಂಡಿರ್ತೀನಿ,” ಎಂದಿದ್ದಳು ಲಕ್ಷ್ಮೀಬಾಯಿ. “ಕೂಡಲಿಲ್ಲಂದ್ರ ವೈಶಾಖದಾಗ ಮದಿವಿ. ಆಮ್ಯಾಲ ನನ್ನ ಮುಂದ ಅಳಬ್ಯಾಡ್ರಿ.”

ಪರೀಕ್ಷೆಯ ಅರ್ಜಿ ಸೋಮವಾರದೊಳಗೆ ಕಲಬುರ್ಗಿ ಮುಟ್ಟಬೇಕಿತ್ತು. ಹಿಂದಿನ ಗುರುವಾರ ಮಾಸ್ತರರು ಅದನ್ನು ಚೆಂದದ ಅಕ್ಷರದಲ್ಲಿ ಬರೆದು ಮುಗಿಸಿದರು. ರಾಯರ ವಾರ ಅಂತ ಮಡಿಯುಟ್ಟು ದೇವರ ಮನೆಯಲ್ಲಿ ರಾಯರ ಪಟದ ಮುಂದೆ ಇಟ್ಟು, ಒಂದು ತುಳಸಿ ದಳ ಏರಿಸಿ ಕೈಮುಗಿದರು. ಶುಕ್ರವಾರ ಸರ್ಕಾರಿ ರಜೆ, ಶನಿವಾರ ಕಳಿಸಿದರಾಯಿತು ಎಂದರು. ಹೊರಗೆ ಬಂದವರೇ ಪಂಚಾಂಗ ಬಿಚ್ಚಿ ‘ಭಾಮಾಳ ಅರ್ಜಿ’ ಎಂಬುದರ ಮೇಲೆ ಉದ್ದಕ್ಕೆ ಗೆರೆ ಹೊಡೆದರು. ದೇವರಿಗೆ ಒಪ್ಪಿಸಿಯಾಯಿತಲ್ಲ!

ಶನಿವಾರ ಬೆಳಗಾಗುವಷ್ಟರಲ್ಲಿ ಸುಮಿತ್ರಾಬಾಯಿ ಮುಟ್ಟಾಗಿ ಹೊರಗೆ ಕೂತಳು. ತಾಯಿಯ ಬಟ್ಟೆಬರೆ ಮುಟ್ಟುತ್ತಿದ್ದ ಭಾಮಾ ಕೂಡ ದೇವರ ಮನೆಗೆ ಹೋಗುವಂತಿರಲಿಲ್ಲ. ಅಡುಗೆ, ಪೂಜೆ ಎರಡೂ ಮಾಸ್ತರರ ಪಾಲಿಗೇ ಬಂದವು. ಬೆಳಿಗ್ಗೆ ಮಡಿಯಲ್ಲಿ ಪೂಜೆ ಮುಗಿಸಿ, ಮಡಿ ಬಿಚ್ಚಿ, ಶೇರ್ವಾನಿ ತೊಟ್ಟು ಓಡುವುದು. ಮಡಿಗೆ ಕಿಸೆ ಇಲ್ಲ. ಕಿಸೆಯ ಬಟ್ಟೆ ತೊಟ್ಟ ಮೇಲೆ ದೇವರ ಮನೆಗೆ ಪ್ರವೇಶವಿಲ್ಲ.

“ಏನ್ರಿ, ಅರ್ಜಿ ಕಳಿಸಿದ್ರೇನು?” ಪಡಸಾಲೆಯ ಮೂಲೆಯಿಂದ ಸುಮಿತ್ರಾಬಾಯಿ ಕೇಳಿದಳು.

ಮಾಸ್ತರರು ಪಂಚಾಂಗದ ಚೀಟಿ ತೆಗೆದು ದೂರದಿಂದಲೇ ತೋರಿಸಿದರು. “ಇಲ್ನೋಡು, ಗೆರಿ ಹೊಡದೀನಿ. ಆಗೇದ ಅಂತ ಇದರ ಅರ್ಥ. ಸಾಲಿ ತಪಾಸಣಿಗೆ ಸಾಹೇಬರು ಬರಾಕತ್ತಾರ, ನನ್ನ ತಲಿ ತಿನಬ್ಯಾಡ.”

ರವಿವಾರವೂ ಕೇಳಿದಳು, ಸೋಮವಾರವೂ ಕೇಳಿದಳು. ಅವರು ಅದೇ ಗೆರೆ ತೋರಿಸಿದರು. ಗೆರೆಯನ್ನು ನಂಬದೆ ಅವಳಾದರೂ ಏನು ಮಾಡಬೇಕು?

ಮಂಗಳವಾರ ತಲೆಗೆ ಎರೆದುಕೊಂಡು ದೇವರ ಮನೆಗೆ ಕಾಲಿಟ್ಟಳು. ಅರ್ಜಿ ಇಟ್ಟಲ್ಲೇ ಇತ್ತು. ಒಣಗಿದ ತುಳಸಿಯ ಮೇಲೆ ಬಾಡಿದ ಕಣಗಿಲೆ, ಅದರ ಮೇಲೆ ಆವತ್ತಿನ ಹೊಸ ಹೂವು. ಮಗಳ ಹೆಸರಿನ ಮೇಲೆ ಗಂಧದ ನೀರು ಬಿದ್ದು ಶಾಯಿ ಹರಡಿತ್ತು. ಸುಮಿತ್ರಾಬಾಯಿ ಹೂವು ಕೊಡವಿದಳು. ಅರ್ಜಿಯನ್ನು ತಂದು ಗಂಡನ ಮುಂದೆ ಎಸೆದಳು.

“ದಿನಾ ಇದಕ್ಕ ಹೂ ಏರಿಸೀರಲ್ರಿ! ಕಣ್ಣಿಗೆ ಕಾಣಲಿಲ್ಲೇನು?”

“ಕಾಣ್ತಿತ್ತು...” ಮಾಸ್ತರರ ಮುಖ ಬೆಳ್ಳಗಾಯಿತು. “ಗೆರಿ ಹೊಡದಿದ್ದೆ ನೋಡು, ಆಗಿಹೋದ ಕೆಲಸ ಅಂತ...”

ಅಮೀನರ ಮಗನ ಅರ್ಜಿ ಶನಿವಾರವೇ ಹೋಗಿತ್ತು. ಅದು ಟೋಪಿಯ ಯಾದಿಯಲ್ಲಿತ್ತು. ಮಾಸ್ತರರು ಆ ದಿನವೇ ಕಲಬುರ್ಗಿಗೆ ಓಡಿದರು, ಕಚೇರಿಯ ಬಾಗಿಲಲ್ಲಿ ಕೈಕಟ್ಟಿ ನಿಂತರು. ವಾಯಿದೆ ಮುಗಿದಿದೆ ಎಂದು ಅಲ್ಲಿಯವರು ಹೇಳಿ ಕಳಿಸಿದರು. ಭಾಮಾ ಅಳಲಿಲ್ಲ. ಭೂಗೋಳದ ಪುಸ್ತಕ ಮುಚ್ಚಿ ಅಟ್ಟದ ಮೇಲಿಟ್ಟಳು. ಅತ್ತಿದ್ದರೆ ಸುಮಿತ್ರಾಬಾಯಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಲಕ್ಷ್ಮೀಬಾಯಿ ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ. ಮದುವೆ ನಿಶ್ಚಯವಾಯಿತು, ಮಾಸ್ತರರು ಅಕ್ಕನಿಗೂ ಇಲ್ಲ ಅನ್ನಲಿಲ್ಲ, ಹೊಸ ಯಾದಿ ಬರೆದರು. ಆ ಯಾದಿಯಲ್ಲಿ ಮಾತ್ರ ಒಂದೂ ಮರೆಯಲಿಲ್ಲ ಪುಣ್ಯಾತ್ಮ! ಬಾಸಿಂಗ ಬಂತು, ಬಾಳೆಎಲೆ ಬಂತು, ಶಹಾಬಾದಿನಿಂದ ಅಡುಗೆಯವರು ಹೊತ್ತಿಗೆ ಸರಿಯಾಗಿ ಬಂದಿಳಿದರು. ಮಾಸ್ತರರ ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು ಎಂದು ಬೀಗರು ಹೊಗಳಿದರು.

ಹೆಣ್ಣು ಒಪ್ಪಿಸಿ ಆದ ಮೇಲೆ ಭಾಮಾ ಸೇಡಂಗೆ ಹೋಗುವ ಗಾಡಿ ಹತ್ತಿದಳು. ಮಾಸ್ತರರು ಕಣ್ಣೊರೆಸಿಕೊಳ್ಳುತ್ತ ಗಾಡಿಯ ಹತ್ತಿರ ಬಂದರು. ಕೈಯಲ್ಲಿ ಚೀಟಿ ಇತ್ತು.

“ಅಲ್ಲಿ ನಿನಗ ಏನರೆ ಬೇಕಾದ್ರ ಹೇಳವಾ. ಬರಕೋತೀನಿ.”

ಭಾಮಾ ಚೀಟಿ ನೋಡಿದಳು, ಅಪ್ಪನ ಮುಖ ನೋಡಿದಳು.

“ಏನೂ ಬ್ಯಾಡಪ್ಪಾ,” ಎಂದಳು. “ನನ್ನ ಹೆಸರಿಗೆ ಗೆರಿ ಹೊಡೀರಿ.”

ಗಾಡಿ ಹೊರಟಿತು. ಸುಮಿತ್ರಾಬಾಯಿ ತಿರುಗಿ ನೋಡಿದಾಗ ಮಾಸ್ತರರು ಚೀಟಿಯನ್ನು ಗೋಡೆಗೆ ಒತ್ತಿ ಹಿಡಿದುಕೊಂಡು ಕಿಸೆಯಲ್ಲಿ ಪೆನ್ಸಿಲು ಹುಡುಕುತ್ತಿದ್ದರು.