ಭಾನುವಾರ ಹೂಡಿದ ಎತ್ತು

ಬೇಸ್‌ಬಾಲ್ ಆಟವನ್ನು ನಾನು ಕಣ್ಣಾರೆ ಕಂಡವಳಲ್ಲ. ಆದರೂ ಒಂದು ಇಡೀ ತಂಡ ನನ್ನ ಫೋನಿನಲ್ಲಿತ್ತು. ಸಂಡೂರಿನ ಗಣಿಯಲ್ಲಿ ಅದಿರಿನ ಲಾರಿಗಳ ತೂಕ ಬರೆಯುವ ಕೆಲಸ ನನ್ನದು. ಅಲ್ಲಿದ್ದ ಒಬ್ಬ ಎಂಜಿನಿಯರ್ ವರ್ಗವಾಗಿ ಹೋಗುವಾಗ, ಮನೆ ಖಾಲಿ ಮಾಡುವವರು ತುಳಸಿ ಕುಂಡವನ್ನು ಪಕ್ಕದ ಮನೆಗೆ ಕೊಡುವ ಹಾಗೆ, ತನ್ನ ತಂಡವನ್ನು ನನಗೆ ಒಪ್ಪಿಸಿದ. ಆಟಗಾರರೆಲ್ಲ ಕಂಪ್ಯೂಟರ್ ಹುಟ್ಟಿಸಿದವರು, ಪಂದ್ಯ ಆಡಿಸುವುದೂ ಕಂಪ್ಯೂಟರೇ. ಯಾರನ್ನು ಇಳಿಸಬೇಕೆಂದು ಹಿಂದಿನ ದಿನದೊಳಗೆ ಹೇಳುವುದಷ್ಟೇ ನಮ್ಮ ಪಾಲಿನದು. ಬೆಳಗ್ಗೆ ಏಳಕ್ಕೆ ಪಂದ್ಯ ಒಂದೊಂದೇ ಸಾಲಾಗಿ ಪರದೆಯ ಮೇಲೆ ಬರುತ್ತದೆ.

ಆ ತಂಡದಲ್ಲಿ ಮೂವತ್ತೆಂಟು ವರ್ಷದ ಒಬ್ಬ ಪಿಚರ್ ಇದ್ದ. ಪಿಚರ್ ಅಂದರೆ ಚೆಂಡು ಎಸೆಯುವವನು. ಓವರ್ ಮುಗಿಸಿ ಬೌಂಡರಿ ಬಳಿ ಹೋಗಿ ನಿಲ್ಲುವ ಸುಖ ಅವನಿಗಿಲ್ಲ. ಒಂಬತ್ತು ಸುತ್ತಿನ ಪಂದ್ಯದಲ್ಲಿ ಬಹುಪಾಲು ಅವನೇ ಎಸೆಯಬೇಕು. ಆಮೇಲೆ ನಾಲ್ಕು ದಿನ ತೋಳಿಗೆ ವಿಶ್ರಾಂತಿ.

ಅಪ್ಪನಿಗೆ ಇದನ್ನು ಹೇಳಿದಾಗ, "ಯಾವ ಪಿಚ್ಚರವ್ವಾ? ಯಾವ ಟಾಕೀಸಿನ್ಯಾಗ?" ಎಂದ. ಕಂಪ್ಲಿಯಲ್ಲಿ ಗದ್ದೆ ಮಾಡಿದ ಮನುಷ್ಯ, ಈಗ ಚಿತ್ತವಾಡ್ಗಿಯಲ್ಲಿ ನನ್ನ ಜೊತೆಗಿದ್ದಾನೆ. ಮತ್ತೆ ಬಿಡಿಸಿ ಹೇಳಿದೆ. "ಹಂಗಾರ ಎತ್ತು ಅನ್ನು," ಎಂದು ಒಂದೇ ಮಾತಿನಲ್ಲಿ ಮುಗಿಸಿದ.

ಆ ಎತ್ತು ಆ ಸಲ ನಮ್ಮ ತಂಡವನ್ನು ಒಂಟಿಯಾಗಿ ಎಳೆಯಿತು. ಉಳಿದ ಪಿಚರ್‌ಗಳೆಲ್ಲ ಉಂಡಾಡಿಗಳು. ಕೊನೆಗೆ ಎರಡೇ ಪಂದ್ಯ ಉಳಿದವು, ಒಂದು ಭಾನುವಾರ, ಒಂದು ಸೋಮವಾರ. ಒಂದನ್ನು ಗೆದ್ದರೆ ಫೈನಲ್. ಅಷ್ಟರಲ್ಲಿ ಅವನ ಹೆಸರಿನ ಪಕ್ಕ ಸಣ್ಣ ಸೂಚನೆ ಬಂತು: ಮೊಣಕೈ ನೋವು. ಆ ವಯಸ್ಸಿನಲ್ಲಿ ಮೊಣಕೈ ಹೋದರೆ ಆಟಗಾರ ಮುಗಿದ ಹಾಗೆ. ಫೈನಲ್ಲೂ ಬೇಕು, ಅವನೂ ಉಳಿಯಬೇಕು ಎಂದು ನನ್ನ ಜೀವ ಒದ್ದಾಡುತ್ತಿತ್ತು. ಹಿಂದಿನ ಸಲ ಎಸೆದದ್ದು ಬುಧವಾರ. ಲೆಕ್ಕ ಸರಿಯಾಗಿತ್ತು, ಸೋಮವಾರಕ್ಕೆ ಅವನ ಹೆಸರು ಹಾಕಿ ಅಪ್ಪನಿಗೂ ಹೇಳಿದೆ.

"ಸೋಮವಾರ?" ಅಪ್ಪ ಶನಿವಾರ ಸಂಜೆ ಚಹಾದ ಲೋಟ ಕೆಳಗಿಟ್ಟ. "ಸೋಮವಾರ ಯಾರಾರ ಎತ್ತು ಹೂಡ್ತಾರೇನವ್ವಾ? ಬಸವಣ್ಣನ ವಾರ ಅದು."

ನಗಬೇಕಿತ್ತು. ನಗಲಿಲ್ಲ. ಗಣಿಯಲ್ಲಿ ಕೋಟಿ ರೂಪಾಯಿಯ ಯಂತ್ರದ ಗಾಲಿಗೂ ನಿಂಬೆಹಣ್ಣು ಇಡುವುದನ್ನು ದಿನಾ ನೋಡುವವಳು ನಾನು. ನನಗೆ ಅದರಲ್ಲೆಲ್ಲ ನಂಬಿಕೆಯಿಲ್ಲ, ಆದರೆ ಭಯ ಇತ್ತು. ಅಪ್ಪ ಅತ್ತ ಎದ್ದು ಹೋದದ್ದೇ ತಡ, ಸೋಮವಾರದಿಂದ ಅವನ ಹೆಸರು ತೆಗೆದು ಭಾನುವಾರಕ್ಕೆ ಹಾಕಿದೆ.

ಭಾನುವಾರ ಏಳಕ್ಕೆ ಫೋನ್ ಹಿಡಿದು ಹೊಸ್ತಿಲ ಮೇಲೆ ಕುಳಿತೆ. ನೆಟ್‌ವರ್ಕ್ ಎರಡು ಕಡ್ಡಿ. ಒಂದೊಂದು ಸಾಲಿಗೂ ನಿಮಿಷಗಟ್ಟಲೆ ಕಾಯಬೇಕಿತ್ತು. ಮೂರು ಸುತ್ತು, ನಾಲ್ಕು ಸುತ್ತು, ಒಬ್ಬನೂ ಅವನ ಚೆಂಡು ಮುಟ್ಟಲಿಲ್ಲ. ಐದನೆಯದರಲ್ಲಿ, ಪರದೆಯ ಮೇಲೆ ಅವನ ದಣಿವು ತೋರಿಸುವ ಪಟ್ಟಿ ಹಳದಿಗೆ ತಿರುಗಿತು. ತೆಗೆಯೋಣ ಅಂದರೆ ಪಂದ್ಯ ಶುರುವಾದ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ಆರನೆಯದರಲ್ಲಿ ಕೆಂಪು. ಆಮೇಲೆ ಆ ಸಾಲು ಬಂತು: ಪಿಚರ್ ಮೊಣಕೈ ಹಿಡಿದುಕೊಂಡು ಮೈದಾನ ಬಿಟ್ಟ.

ಪಂದ್ಯವನ್ನು ನಾವೇ ಗೆದ್ದೆವು. ನನಗೆ ಗೆದ್ದ ಹಾಗೆ ಅನ್ನಿಸಲೇ ಇಲ್ಲ. ಸಿಟ್ಟೆಲ್ಲ ಅಪ್ಪನ ಮೇಲೆ ಹರಿಯಿತು.

"ನೀನs ಅಲ್ಲೇನು, ಸೋಮವಾರ ಬ್ಯಾಡ ಅಂದಾಂವ? ಅದಕ್ಕs ಇವತ್ತು ಇಳಿಸಿದೆ. ನೋಡೀಗ!"

ಅಪ್ಪ ನನ್ನ ಮುಖವನ್ನೇ ನೋಡಿದ. "ಬ್ಯಾಡ ಅಂದ್ರ ಮಂಗಳವಾರ ಹೂಡ್ಬೇಕವ್ವಾ. ಒಂದಿನ ಮುಂಚೇನ ಹೂಡ್ತಾರೇನು? ಎತ್ತಿಗೆ ದಣಿವಾರ್ಲಿ ಅಂತ ಮಾಡಿದ ವಾರ ಅದು."

ಮಂಗಳವಾರ ಪಂದ್ಯವೇ ಇರಲಿಲ್ಲ ಎಂದು ಅವನಿಗೆ ಹೇಳಬಹುದಿತ್ತು. ಆದರೆ ನಾಲ್ಕು ದಿನದ ವಿಶ್ರಾಂತಿಯನ್ನು ಮೂರಕ್ಕೆ ಇಳಿಸಿದವಳು ನಾನು.

ಮಧ್ಯಾಹ್ನ ಆಟ ಒಂದು ಪ್ರಶ್ನೆ ಕೇಳಿತು: ಉಳಿಸಿಕೊಳ್ಳುತ್ತೀರಾ, ಬಿಡುತ್ತೀರಾ? ಉಳಿಸಿಕೊಂಡರೆ ಫೈನಲ್‌ನಲ್ಲಿ ಒಬ್ಬ ಕಡಿಮೆ. ಬಿಟ್ಟರೆ ಹೊಸಬನನ್ನು ತರಬಹುದು. ಆದರೆ ಗಾಯಗೊಂಡ ಮುದುಕನನ್ನು ಬೇರೆ ಯಾರೂ ತೆಗೆದುಕೊಳ್ಳುವುದಿಲ್ಲ, ಅವನ ಹೆಸರೇ ಪಟ್ಟಿಯಿಂದ ಅಳಿಸಿಹೋಗುತ್ತದೆ. ಅಪ್ಪನಿಗೆ ಓದಿ ಹೇಳಿದೆ.

"ಇದರಾಗ ಕೇಳೂದೇನೈತಿ?" ಎಂದ. "ಕಾಲು ಮುರಿದ ಎತ್ತು ನಮ್ಮ ಕೊಟ್ಟಿಗ್ಯಾಗ ಮೂರು ವರ್ಸ ಕುಂತು ತಿಂತು. ನಿಮ್ಮವ್ವ ಒಂದಿನಾನೂ ಮಾರು ಅನ್ಲಿಲ್ಲ."

ಹೂಂ ಅಂದೆ. ಸಂಜೆ ಅಪ್ಪ ಹೊರಗೆ ಹೋದಾಗ 'ಬಿಡು' ಒತ್ತಿದೆ. ನನಗೆ ಫೈನಲ್ ಬೇಕಾಗಿತ್ತು. ಹೊಸಬ ಬಂದ, ಫೈನಲ್‌ನಲ್ಲಿ ಚಿಂದಿಯಾದ, ನಾವು ಸೋತೆವು.

ಅಪ್ಪ ಈಗಲೂ ಊಟಕ್ಕೆ ಕುಳಿತಾಗ ಒಮ್ಮೊಮ್ಮೆ ಕೇಳುತ್ತಾನೆ, ಅದು ಹೆಂಗೈತವ್ವಾ ಈಗ, ಅಂತ.

"ಆರಾಮೈತಿ ಅಪ್ಪಾ. ಕುಂತು ತಿನ್ನಾಕತ್ತೈತಿ."

"ತಿನ್ಲಿ ಬಿಡು," ಅನ್ನುತ್ತಾನೆ. "ಭಾಳ ದುಡಿದೈತಿ."