ಆನೆ ಕಣಕ್ಕೆ ಇಳಿದ ಭಾನುವಾರ

ಬಾಳೂರಿನ ಸುಕನ್ಯಕ್ಕನಿಗೆ ನಲವತ್ತೊಂಬತ್ತು ವರ್ಷ, ಹನ್ನೆರಡು ಎಕರೆ ಕಾಫಿ, ರುದ್ರಪ್ಪ ಎಂಬ ಶಾಂತಸ್ವಭಾವದ ಗಂಡ, ಮತ್ತು ಮೂರು ಸಾವಿರದ ಇನ್ನೂರು ಹೆಣಗಳು. ಹೆಣಗಳೆಲ್ಲ ಟಿವಿಯೊಳಗಿನವು.

ಎರಡು ವರ್ಷದ ಹಿಂದೆ ಆಕೆ ಕಾಫಿ ಒಣಗಿಸುವ ಕಣದ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಾಗ, ಹೊತ್ತು ಹೋಗಲೆಂದು ಮಗಳು ಧನ್ಯಾ ತನ್ನ ಗೇಮ್ ಪೆಟ್ಟಿಗೆಯನ್ನು ತಂದು ಟಿವಿಗೆ ಜೋಡಿಸಿಕೊಟ್ಟಳು. ಮೂರು ತಿಂಗಳಲ್ಲಿ ಕಾಲು ಕೂಡಿತು. ಕೈ ಮಾತ್ರ ಪೆಟ್ಟಿಗೆಯನ್ನು ಬಿಡಲಿಲ್ಲ. ಮಗಳು ಹೊಸದೊಂದು ಕೊಳ್ಳಬೇಕಾಯಿತು.

ಆಟ ನಾಲ್ವರ ಪಡೆಗಳದು. ಸುಕನ್ಯಕ್ಕನ ಪಡೆಯಲ್ಲಿ ಸಂಸೆಯ ಜೀಪ್ ಡ್ರೈವರ್ ನಂದನ್, ಕಳಸದಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿರುವ ರಂಜಿತಾ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಲ್ಲ. ಆದರೆ ನಂದನ್ ತಾಯಿಯ ಬಿಪಿ ಎಷ್ಟೆಂದು ಸುಕನ್ಯಕ್ಕನಿಗೆ ಗೊತ್ತು. ಒಬ್ಬರು ಗುಂಡು ತಿಂದು ಬಿದ್ದರೆ ಇನ್ನೊಬ್ಬರು ಗುಂಡಿನ ಮಳೆಯಲ್ಲೇ ತೆವಳಿಕೊಂಡು ಬಂದು ಎತ್ತಿ ನಿಲ್ಲಿಸಬೇಕು, ಅದು ನಿಯಮ. "ನಮ್ಮ ನೆಂಟರಲ್ಲಿ ಯಾರಾದ್ರೂ ಹಂಗೆ ಬಂದು ಎತ್ತಿದಾರಾ?" ಎಂದು ಆಕೆ ಕೇಳಿದರೆ ರುದ್ರಪ್ಪನವರು ಕಾಫಿ ಲೋಟದೊಳಗೆ ಇಣುಕಿ ನೋಡುತ್ತಾರೆ.

ಸಂಕಟಗಳೂ ಸಣ್ಣವಲ್ಲ. ಇಂಟರ್‌ನೆಟ್ಟಿನ ಕೇಬಲ್ಲು ತೋಟದ ಸಿಲ್ವರ್ ಓಕ್ ಮರದಿಂದ ಮರಕ್ಕೆ ತೂಗಿಕೊಂಡು ಬರುತ್ತದೆ. ಅದರ ಮೇಲೊಂದು ಮಂಗ ಕೂತರೆ ಸಾಕು, ಟಿವಿಯೊಳಗಿನ ವೀರಾಗ್ರಣಿ ಸುಕನ್ಯಕ್ಕ ಒಂದು ಕಾಲು ಮೇಲೆತ್ತಿ ಕಲ್ಲಾಗಿ ನಿಲ್ಲುತ್ತಾರೆ. ಎಲ್ಲಕ್ಕಿಂತ ದೊಡ್ಡ ಸಂಕಟ ನಾಲ್ಕನೆಯವನು. ಅವನನ್ನು ಪ್ರತಿಸಲ ಆಟವೇ ಎಲ್ಲಿಂದಲೋ ಹಿಡಿದು ತಂದು ಸೇರಿಸುತ್ತದೆ. ಒಬ್ಬ ಬೈಯುತ್ತಾನೆ, ಒಬ್ಬ ನಮ್ಮವರಿಗೇ ಗುರಿಯಿಡುತ್ತಾನೆ, ಒಬ್ಬ ನಡುವೆ ಊಟಕ್ಕೆ ಹೋಗುತ್ತಾನೆ.

ಇನ್ನೊಂದು ಕಾಟವಿದೆ. ಹತ್ತಿರ ಬಂದ ಶತ್ರುವಿಗೂ ನಮ್ಮ ಮೈಕಿನ ಸದ್ದು ಕೇಳಿಸುತ್ತದೆ. ಈ ಮೂವರು ಅದಕ್ಕೊಂದು ಮದ್ದು ಕಂಡುಕೊಂಡಿದ್ದರು: ತೋಟದ ಭಾಷೆ. ಆಟದ ರಣರಂಗದಲ್ಲಿದ್ದ ಬಯಲು 'ಕಣ'ವಾಯಿತು, ಉದ್ದನೆಯ ಕಟ್ಟಡ 'ಗೋಡೌನ್', ಶತ್ರುವಿನ ಯುದ್ಧ ಟ್ಯಾಂಕು 'ಆನೆ'. ಎದುರು ಪಡೆಯಲ್ಲಿ ಕನ್ನಡದ ಹುಡುಗರೇ ಇದ್ದು ಕಿವಿಗೊಟ್ಟು ಕೇಳಿದರೂ ತಲೆಬುಡ ತಿಳಿಯಬಾರದು.

ಆ ಭಾನುವಾರ ಸಂಜೆ ನಾಲ್ಕಕ್ಕೆ ಆಟದ ಸೀಸನ್ ಮುಗಿಯುವುದಿತ್ತು. ಇನ್ನೊಂದೇ ಗೆಲುವು ಸಿಕ್ಕಿದರೆ ಪಡೆಗೆ ವಜ್ರದ ದರ್ಜೆ. ಸೋತರೆ ಎಲ್ಲ ಅಳಿಸಿ ಮತ್ತೆ ತಳದಿಂದ ಆರಂಭ. ಹಿಂದಿನ ಎರಡು ಸೀಸನ್ನಿನಲ್ಲೂ ವಜ್ರ ಒಂದೇ ಗೆಲುವಿನಿಂದ ಕೈತಪ್ಪಿತ್ತು. ಮೂರೂವರೆಗೆ ಸುಕನ್ಯಕ್ಕ ಸೆರಗು ಸಿಕ್ಕಿಸಿ, ಹೆಡ್‌ಫೋನ್ ಕಿರೀಟ ಧರಿಸಿ, ಸಿಂಹಾಸನವಾದ ಪ್ಲಾಸ್ಟಿಕ್ ಕುರ್ಚಿಯನ್ನೇರಿದರು. ಸೆಖೆಗೆಂದು ಕಿಟಕಿ ತೆರೆದಿತ್ತು. ಕಿಟಕಿಯ ಕೆಳಗೇ ನಿಜವಾದ ಕಣ, ಅದರ ಅಂಚಿಗೆ ನಿಜವಾದ ಗೋಡೌನ್. ಕಾಫಿ ಕೊಯ್ಲಿನ ಕಾಲ. ತೋಟದ ಆಳುಗಳಾದ ಗಿಡ್ಡಮ್ಮ, ಭೂತಯ್ಯ ಇಬ್ಬರೂ ಒಣಗಲು ಹರಡಿದ್ದ ಹಣ್ಣನ್ನು ಕೈಯಾಡಿಸುತ್ತಿದ್ದರು.

ಆಟ ಶುರುವಾಗಿ ಹತ್ತು ನಿಮಿಷ ಸಮಸಮ. ನಾಲ್ಕನೆಯವನಿಂದ ಚಿಪ್ಸ್ ಜಗಿಯುವ ಸದ್ದು ಬಿಟ್ಟರೆ ಬೇರೆ ಸುದ್ದಿಯಿಲ್ಲ. ಆಮೇಲೆ ಆ ಸದ್ದೂ ನಿಂತಿತು.

"ಅಕ್ಕಾ, ಚಿಪ್ಸ್ ಓಡಿಹೋದ!" ರಂಜಿತಾ ಕೂಗಿದಳು.

"ಸಾಯ್ಲಿ ಬಿಡು ಮಾರಾಯ್ತಿ. ನಂದನ್, ಎಲ್ಲಿದೀಯ?"

"ಕಣದ ಆಚೆ ಮನೆ ಮಾಡಿನ ಮೇಲೆ ಅಕ್ಕ. ರಾಕೆಟ್ ಒಂದೇ ಉಳಿದಿರೋದು. ಆ ಆನೆ ಬೆನ್ನು ತಿರುಗಿಸಿದ್ರೆ ಮಾತ್ರ ಆಗೋದು."

ಅಷ್ಟರಲ್ಲಿ ಟ್ಯಾಂಕು ಬಯಲಿಗೆ ನುಗ್ಗಿತು. ಮೂವತ್ತು ವರ್ಷ ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಆಳುಗಳನ್ನು ಕೂಗಿ ಕರೆದ ಗಂಟಲು ಸುಕನ್ಯಕ್ಕನದು. ಕಿವಿ ಮುಚ್ಚಿದ್ದರಿಂದ ತನ್ನ ದನಿಯ ಅಳತೆ ಆಕೆಗೇ ತಿಳಿಯದು.

"ಆನೆ ಕಣಕ್ಕೆ ಇಳೀತು! ಎಲ್ಲಾ ಗೋಡೌನಿಗೆ ಓಡ್ರೋ! ಓಡಿ!"

ಕೆಳಗೆ ಗಿಡ್ಡಮ್ಮ ಹಿಂದೆ ತಿರುಗಿಯೂ ನೋಡದೆ ಗೋಡೌನ್ ಸೇರಿ ಒಳಗಿಂದ ಚಿಲಕ ಹಾಕಿಕೊಂಡಳು. ಭೂತಯ್ಯ ಮಾತ್ರ ಧೀರ. ಆನೆ ಸುದ್ದಿಯ ವಾಟ್ಸಾಪ್ ಗುಂಪಿಗೆ "ಸುಕನ್ಯಮ್ಮೋರ ಕಣದಲ್ಲಿ ಆನೆ! ಅಮ್ಮೋರೇ ನೋಡಿದಾರೆ!" ಎಂದು ವಾಯ್ಸ್ ಮೆಸೇಜ್ ಕೂಗಿ ಕಳಿಸಿ, ಆನೆ ಓಡಿಸಲೆಂದೇ ಇಟ್ಟಿದ್ದ ಪಟಾಕಿ ಸರವನ್ನು ತಂದು ಸರಿಯಾಗಿ ಕಿಟಕಿಯ ಕೆಳಗೇ ಹಚ್ಚಿದ.

ಢಮಾರ್! ಢಮಢಮಢಮ!

ಸುಕನ್ಯಕ್ಕನ ಮೈಕು ಅಷ್ಟನ್ನೂ ನುಂಗಿ ಶತ್ರುವಿನ ಕಿವಿಗೆ ಉಗುಳಿತು. ಆಟದೊಳಗೆ ಆಕೆ ಅಡಗಿದ್ದ ಗೋಡೌನ್ ಕಡೆಯಿಂದ ದೊಡ್ಡ ಸೈನ್ಯವೇ ಗುಂಡು ಹಾರಿಸುತ್ತಿದೆ ಎಂದುಕೊಂಡು ಆ ಬಡಪಾಯಿಗಳು ಟ್ಯಾಂಕನ್ನು ಗರಗರ ತಿರುಗಿಸಿದರು. ಬೆನ್ನು ನಂದನ್ ಕಡೆಗಾಯಿತು.

"ಹೊಡೀ ಮಾರಾಯಾ!"

ನಂದನ್ ಹೊಡೆದ. ಟಿವಿ ತುಂಬ ಬೆಂಕಿ, ಬೆಂಕಿಯ ನಡುವೆ ನೀಲಿ ವಜ್ರ. ಹೆಡ್‌ಫೋನಿನಲ್ಲಿ ರಂಜಿತಾ ಅಳುತ್ತಿದ್ದಳು, ನಂದನ್ ಶಿಳ್ಳೆ ಹಾಕುತ್ತಿದ್ದ.

ಗೆಲುವಿನ ಹರಟೆ ಅರ್ಧ ಗಂಟೆ ನಡೆಸಿ ಸುಕನ್ಯಕ್ಕ ಕುಣಿಯುತ್ತಲೇ ಅಂಗಳಕ್ಕೆ ಬಂದರೆ, ಅಲ್ಲಿ ವಾಟ್ಸಾಪ್ ಸುದ್ದಿ ಕೇಳಿ ಬಂದ ಅರಣ್ಯ ಇಲಾಖೆಯ ಜೀಪು, ಕೋಲು ಹಿಡಿದ ಇಪ್ಪತ್ತು ಜನ, ನೋಟ್‌ಬುಕ್ ಹಿಡಿದ ಅಶ್ವಿನ್ ಎಂಬ ಗಾರ್ಡು. ಗೋಡೌನಿನ ಬಾಗಿಲು ಬೆರಳಗಲ ತೆರೆಯಿತು.

"ಹೋಯ್ತಾ ಅಮ್ಮಾ?" ಗಿಡ್ಡಮ್ಮನ ದನಿ.

"ಹೋಗೋದೆಂಥದು, ಸುಟ್ಟೇ ಹಾಕಿದ್ವಿ! ನಂದನ್ ಹಿಂದಿಂದ ಕೊಟ್ಟ ನೋಡು, ಒಂದೇ ಏಟು!"

ಗಾರ್ಡಿನ ಪೆನ್ನು ಗಾಳಿಯಲ್ಲೇ ನಿಂತಿತು.

"ನಂದನ್ ಅಂದ್ರೆ ಯಾರು ಮೇಡಂ?"

"ಸಂಸೆಯವನು. ಜೀಪ್ ಓಡಿಸ್ತಾನೆ. ಭಾರೀ ಒಳ್ಳೆ ಹುಡುಗ."

"ಕೋವಿಗೆ ಲೈಸೆನ್ಸ್ ಇದೆಯಾ ಅವರಿಗೆ?"

"ಕೋವಿಯಲ್ಲಿ ಎಂಥ ಆಗ್ತದೆ ಸಾರ್? ರಾಕೆಟ್!"

ಗಾರ್ಡು ನೋಟ್‌ಬುಕ್ಕಿನ ಹೊಸ ಹಾಳೆ ತಿರುಗಿಸಿದ. ಭೂತಯ್ಯ ಮೆಲ್ಲಗೆ ಗುಂಪಿನ ಹಿಂದಕ್ಕೆ ಸರಿದ. ಆಗ ರುದ್ರಪ್ಪನವರು ಲೋಟ ಕೆಳಗಿಟ್ಟು ಎದ್ದರು. "ಒಳಗೆ ಬನ್ನಿ ಸಾರ್. ಸತ್ತ ಆನೆ ತೋರಿಸ್ತೀನಿ."

ಕೊನೆಯ ನಿಮಿಷವನ್ನು ಟಿವಿಯಲ್ಲಿ ಮತ್ತೆ ಓಡಿಸಿ ತೋರಿಸಿದರು. ಗಾರ್ಡು ಒಮ್ಮೆ ನೋಡಿದ, ಹಲ್ಲು ಕಚ್ಚಿದ. ಎರಡನೇ ಸಲ ತಾನಾಗಿಯೇ ಹಾಕಿಸಿಕೊಂಡು ನೋಡಿದ. ಕಾಫಿ ಕುಡಿದು ಮುಖ ಗಂಟು ಹಾಕಿಕೊಂಡೇ ತೀರ್ಪು ಕೊಟ್ಟ: "ಆಟ ನಿಮ್ಮಿಷ್ಟ ಮೇಡಂ. ಆದರೆ ಆ ಹೆಸರು ಬದಲಾಯಿಸಿ. ಇನ್ನೊಂದು ಸಲ ನೀವು ಆನೆ ಅಂದಾಗ ನಿಜವಾಗ್ಲೂ ಬಂದಿದ್ರೆ, ಗಿಡ್ಡಮ್ಮ ಓಡೋದೇ ಇಲ್ಲ."

ಆ ಮಾತು ಸುಕನ್ಯಕ್ಕನಿಗೆ ನಾಟಿತು. ಹೊಸ ಹೆಸರಿಗಾಗಿ ಪಡೆಯೆಲ್ಲ ಎರಡು ದಿನ ತಲೆ ಕೆಡಿಸಿಕೊಂಡಿತು. ಹುಲಿ ಬೇಡ, ಅದೂ ಬರಬಹುದು. ಕಾಟಿ ಎಂಬ ಕಾಡುಕೋಣ ದಿನಾ ಬರುತ್ತದೆ. ಲಾರಿ ಎಂದರೆ ಲೋಡ್ ಮಾಡಲು ಆಳುಗಳು ಬಂದು ನಿಲ್ಲುತ್ತಾರೆ. ಕೊನೆಗೆ ಬಾಳೂರಿಗೆ ಯಾವ ಜನ್ಮಕ್ಕೂ ಬರಲಾರದ್ದೊಂದು ನಂದನ್‌ಗೆ ಹೊಳೆಯಿತು.

ಈಗ ಭಾನುವಾರ ಮಧ್ಯಾಹ್ನ ಆ ಕಡೆ ಹೋದರೆ ಕಿಟಕಿಯಿಂದ ಗುಡ್ಡ ನಡುಗುವಂತೆ ಕೂಗು ಕೇಳುತ್ತದೆ: "ಹಡಗು ಕಣಕ್ಕೆ ಇಳೀತು! ಓಡ್ರೋ!"

ಗಿಡ್ಡಮ್ಮ ತಲೆಯೆತ್ತುವುದಿಲ್ಲ. "ಬರ್ಲಿ ಬಿಡಿ," ಎನ್ನುತ್ತಾಳೆ, "ಕಾಫಿ ತುಳೀದೆ ಹೋದ್ರೆ ಸಾಕು."