ಮಗ್ಗದ ಕಂಬದ ಬಸ್ ಟಿಕೇಟುಗಳು

ಊರಿನವರ ಬಡ್ಡಿಯನ್ನೆಲ್ಲ ಲೆಕ್ಕ ಹಾಕಿ ಕೊಡುತ್ತಿದ್ದ ನನಗೆ ನನ್ನದೇ ಆದಾಯ ತೆರಿಗೆ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಎಪ್ಪತ್ತರ ದಶಕದ ನಡುಭಾಗದ ಮಾತು. ಕೆಲಸ ಹನೂರಿನ ಬ್ಯಾಂಕಿನಲ್ಲಿ, ಮನೆ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ. ಬ್ಯಾಂಕಿನ ಲೆಕ್ಕ ತಾಳೆಯಾಗಿ, ಬಸ್ಸು ಸಿಕ್ಕಿ, ನಾನು ಮನೆ ಸೇರುವಾಗ ಮಗಳು ಮಲಗಿರುತ್ತಿದ್ದಳು.

"ಅನೂರಲ್ಲೇ ಒಂದ್ ಮನೆ ಮಾಡನ ಕಣ್ರಿ. ಮಗು ನಿಮ್ ಮೊಕ ಮರ್ತೋಯ್ತದೆ" ಎಂದು ಹೆಂಡತಿ ಹೇಳುತ್ತಲೇ ಇದ್ದಳು.

"ಓಡಾಟದ ಖರ್ಚು ತೆರಿಗೇಲಿ ಕಳೀತಾರೆ ಕಣೆ. ಅಲ್ಲೇ ಇದ್ಬುಟ್ರೆ ಅದೂ ಓಯ್ತದೆ" ಎನ್ನುತ್ತಿದ್ದೆ. ಎಷ್ಟು ಕಳೆಯುತ್ತಾರೆಂದು ಅವಳು ಕೇಳಲಿಲ್ಲ, ನನ್ನ ಪುಣ್ಯ. ಪುಸ್ತಕಕ್ಕೆ ಇಷ್ಟು, ಓಡಾಟಕ್ಕೆ ಇಷ್ಟು, ಸ್ಕೂಟರ್ ಇದ್ದವನಿಗೆ ಒಂದು, ಇಲ್ಲದವನಿಗೆ ಇನ್ನೊಂದು ಎಂದು ಬೇರೆ ಬೇರೆ ಕಳೆಯುತ್ತಿದ್ದ ಕಾಲ ಅದು.

ಖರ್ಚಿಗೆ ಪುರಾವೆಯೆಂದು ಬಸ್ ಟಿಕೇಟು ಕೂಡಿಡಲು ಹೇಳಿದವನು ಅಪ್ಪ. ಕೂಲಿಗೆ ನೇಯುತ್ತಿದ್ದ ಅವನಿಗೆ ಸಾಹುಕಾರ ರೇಷ್ಮೆಯನ್ನು ತೂಗಿ ಕೊಡುತ್ತಿದ್ದ, ನೇಯ್ದ ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತಿದ್ದ. ಎಳೆ ಹರಿದು ಹಾಳಾಗುವುದಕ್ಕೆಂದು ಇಂತಿಷ್ಟು ತೂಕ ತಾನೇ ಬಿಡುತ್ತಿದ್ದ. ಆದರೂ ಅಪ್ಪ ಹರಿದ ಎಳೆಗಳನ್ನೆಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ ಮಗ್ಗದ ಕಂಬಕ್ಕೆ ನೇತು ಹಾಕುತ್ತಿದ್ದ, ಕಳ್ಳ ಅನ್ನಿಸಿಕೊಳ್ಳಬಾರದೆಂದು. ಆ ಗಂಟಿನ ಪಕ್ಕದಲ್ಲೇ ನನ್ನ ಟಿಕೇಟುಗಳ ಚೀಲವೂ ನೇತಾಡಿತು.

ವರ್ಷದ ಕೊನೆಗೆ ಆ ಚೀಲವನ್ನು ಮ್ಯಾನೇಜರರ ಮೇಜಿನ ಮೇಲಿಟ್ಟೆ.

"ಇದೇನ್ರಿ, ಕಂಡಕ್ಟರ್ ಆಗೋಕೆ ಹೊರಟಿದ್ದೀರಾ?" ಎಂದು ಅವರು ನಕ್ಕರು. "ಹೊಸ ಕಾನೂನು ಬಂದಿದೆ, ಸ್ಟ್ಯಾಂಡರ್ಡ್ ಡಿಡಕ್ಷನ್ ಅಂತ. ಪುಸ್ತಕ, ಓಡಾಟ ಅಂತ ಬೇರೆ ಬೇರೆ ಕಳೆಯೋದಿಲ್ಲ. ನಮ್ಮಂಥವರ ಸಂಬಳದಲ್ಲಿ ಐದರಲ್ಲೊಂದು ಪಾಲು ಬಿಟ್ಟು ಉಳಿದದ್ದಕ್ಕೆ ತೆರಿಗೆ ನೋಡ್ತಾರೆ. ಯಾರೂ ಏನೂ ತೋರಿಸಬೇಕಾಗಿಲ್ಲ."

"ಬ್ಯಾಂಕಿನ ಹಿಂದೇನೇ ಮನೆ ಇರೋರಿಗೆ, ಸಾರ್?"

"ಅವರಿಗೂ ಅಷ್ಟೇ."

ನನಗೆ ಸಿಟ್ಟೇ ಬಂತು. ನಾನು ಬಸ್ಸಿನಲ್ಲಿ ಕುಲುಕಾಡಿ ಬರಬೇಕು, ಅವರು ಚಪ್ಪಲಿ ಮೆಟ್ಟಿ ನಾಲ್ಕು ಹೆಜ್ಜೆ ಹಾಕಿ ಬರಬೇಕು, ಇಬ್ಬರಿಗೂ ಒಂದೇ ರಿಯಾಯಿತಿಯೇ? ಖರ್ಚೇ ಮಾಡದವನಿಗೆ ಯಾವ ಖರ್ಚು ಕಳೆಯುತ್ತಾರೆ? ಬಸ್ಸಿನುದ್ದಕ್ಕೂ ಯೋಚಿಸಿದೆ, ತಲೆ ಕೆಟ್ಟಿತೇ ಹೊರತು ಬಗೆಹರಿಯಲಿಲ್ಲ.

ಮನೆಯಲ್ಲಿ ಹೇಳಿದಾಗ ಅಪ್ಪ ನಂಬಲಿಲ್ಲ. "ತೋರಿಸ್ದೆ ಯಾರ್ಲಾ ಕಳೀತಾರೆ? ಸುಮ್ಕೆ ಇಟ್ಕೊ, ಎಸೀಬ್ಯಾಡ."

"ನಿನ್ ಸಾವ್ಕಾರ ಕಳೀತಿರ್ಲಿಲ್ವಾ? ಒಂದ್ ದಿನನಾದ್ರೂ ಗಂಟು ಬಿಚ್ಚಿ ನೋಡಿದ್ನಾ?" ಎಂದು ರೇಗಿದೆ.

ಅಪ್ಪ ಕಂಬದ ಕಡೆ ನೋಡಿದ. "ಇಲ್ಲ ಕಣ್ಲಾ. ನೋಡ್ಲೇ ಇಲ್ಲ."

ಹಾಗೆಂದಾಗಲೇ ನನಗೂ ಹೊಳೆದದ್ದು. ಕೆಲಸವೆಂದ ಮೇಲೆ ಎಲ್ಲರದೂ ಒಂದಷ್ಟು ಸವೆಯುತ್ತದೆ. ಯಾರದೆಷ್ಟು ಎಂದು ಕೇಳದೆ ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಬಿಡುತ್ತಾರೆ. ಅಷ್ಟೇ.

"ಅಂಗಾರೆ ಅನೂರಲ್ಲಿದ್ರೂ ಅಷ್ಟೇ ಕಳೀತಾರೆ ಅನ್ನಿ" ಎಂದಳು ಹೆಂಡತಿ, ಅಡಿಗೆಮನೆಯ ಬಾಗಿಲಲ್ಲಿ ನಿಂತು.

ನಾನು ಅಪ್ಪನ ಮುಖ ನೋಡಿದೆ. ಅವನು ಬೇಡ ಅನ್ನಲಿ ಎಂದು ಕಾದೆ.

"ಮನೆ ನೋಡೋಗ್ಲಾ" ಎಂದ ಅಪ್ಪ. "ಇಲ್ಲಿ ನಿಮ್ಮಣ್ಣ ಅವ್ನೆ, ಮಗ್ಗ ಅದೆ. ಮಗಿನ್ ಕಣ್ಗೆ ಬೀಳು ನೀನು."

ಇಷ್ಟು ಸುಲಭಕ್ಕೆ ಒಪ್ಪಿದನಲ್ಲ ಎಂದು ನನಗೆ ದುಃಖವಾಯಿತು. ಬೀದಿ ಬಿಟ್ಟು ಹೋಗಲು ಮನಸ್ಸಿಲ್ಲದವನು ನಾನೇ ಎಂದು ಆಗ ಗೊತ್ತಾಯಿತು, ತೆರಿಗೆಯದು ನೆಪ.

ಹನೂರಿನಲ್ಲಿ ಮನೆ ಮಾಡಿದೆವು. ಅಪ್ಪ ಮೊದಲ ಸಲ ಬಂದಾಗ ಮೊಮ್ಮಗಳು ನನ್ನ ಹೆಗಲ ಮೇಲಿದ್ದಳು. ಬಸ್ಸಿಳಿದವನೇ ಅವಳ ಕೆನ್ನೆ ಸವರಿ, ಪಂಚೆಯ ತುದಿಯ ಗಂಟು ಬಿಚ್ಚಿ, ಮಡಿಸಿಟ್ಟಿದ್ದ ಟಿಕೇಟನ್ನು ನನ್ನ ಕೈಗಿಟ್ಟ.

"ಇಟ್ಕೊ ಮಗಾ. ಯಾರಾರ ಕೇಳುದ್ರೆ ತೋರ್ಸಕ್ಕೆ ಇರ್ಲಿ."